ಎಡಗವಲು

“ಏ ಕಿತ್ತಳೆ ಅಂಗಿಯೋರೆ, ಗುಡಿಸಿದ್ದಾಯ್ತಲ್ಲ, ಇನ್ನು ಆ ಬ್ಯಾನರ್ ಹಿಂದೆ ಹೋಗಿ ನಿಂತ್ಕೊಳ್ಳಿ. ಕ್ಯಾಮೆರಾದವರು ಬರೋ ಹೊತ್ತಾಯ್ತು. ನಿಮ್ಮ ಮೂತಿ ಅದ್ರಲ್ಲಿ ಬಿದ್ರೆ ನನ್ನ ಕೆಲಸ ಹೋಗುತ್ತೆ.”

ಹೀಗೆಂದವಳು ನಗರಾಡಳಿತದ ಸಂಸ್ಕೃತಿ ವಿಭಾಗದ ಅಕ್‌ಮರಾಲ್. ವಯಸ್ಸಿನಲ್ಲಿ ನನ್ನ ಮೊಮ್ಮಗಳಾಗಬಹುದಿತ್ತು. ದೇವರು ದೊಡ್ಡವನು, ಆಗಲಿಲ್ಲ. ನಾನು ಮತ್ತು ಎರ್ನಾ ಕತ್ತಲಿರುವಾಗಲೇ ಬಂದು, ಚೌಕದಿಂದ ಕವಲಿನವರೆಗೆ ಹಳಿಯ ಸಂದಿಯಲ್ಲಿ ಕೂತಿದ್ದ ಮಣ್ಣು, ಸಿಗರೇಟಿನ ತುಂಡು, ಸೂರ್ಯಕಾಂತಿ ಬೀಜದ ಸಿಪ್ಪೆ ಎಲ್ಲವನ್ನೂ ಕೆರೆದು ತೆಗೆದಿದ್ದೆವು. ಆ ಹಳಿಯ ಮೇಲೆ ಟ್ರಾಮು ಓಡಿ ವರ್ಷಗಳೇ ಆಗಿದ್ದವು. ಇವತ್ತು ಒಂದೇ ಒಂದು ಸಲ ಓಡಬೇಕಿತ್ತು, ಯಾಕೆಂದರೆ ನಮ್ಮ ಮಿಸ್ತಾವ್ ಊರಿನ ಟ್ರಾಮಿಗೆ ಅರವತ್ತು ತುಂಬಿತ್ತು. ಬದುಕಿದ್ದಾಗ ಅದರ ಕತ್ತು ಹಿಚುಕಿದವರೇ ಈಗ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುತ್ತಿದ್ದರು.

ಬ್ಯಾನರಿನ ಅಂಚಿನಿಂದ ಇಣುಕಿದೆವು. ಒಂದು ವ್ಯಾನು ಬಂದು ನಿಂತಿತು. ಕಾಲೇಜು ಹುಡುಗಿಯರು ಇಳಿದರು. ಮೈಮೇಲೆ ನಮ್ಮದೇ ಥರದ ಕಿತ್ತಳೆ ಅಂಗಿ, ಆದರೆ ಇಸ್ತ್ರಿ ಮಾಡಿದ್ದು. ಒಬ್ಬೊಬ್ಬಳ ಕೈಗೂ ಅಕ್‌ಮರಾಲ್ ಒಂದೊಂದು ಹಾರೆ ಕೊಟ್ಟಳು. ತೆಳು ಹಲಗೆಯಲ್ಲಿ ಕೊಯ್ದು ಬೆಳ್ಳಿಬಣ್ಣ ಬಳಿದ ಹಾರೆ.

“ಯಾರೆ ಶಾಮ್ಶಿಯಾ ಇವ್ರು?” ಎರ್ನಾ ಕೇಳಿದಳು.

“ನಾವೇ ಕಣಕ್ಕ. ಹಳಿ ಕೆಲಸದ ಹೆಂಗಸ್ರು ಅಂತ ನಿಲ್ಲಿಸ್ತಾವ್ರೆ.”

“ಥೂ. ನಾವಿನ್ನೂ ಉಸಿರಾಡ್ತಿರೋವಾಗ್ಲೇ ನಮ್ ವೇಸ ಆಕವ್ರಲ್ಲೆ. ತುಟಿಗೆ ಬಣ್ಣ ಬೇರೆ ನೋಡು. ನನ್ ತುಟಿಗೆ ಬಣ್ಣ ಬಂದಿದ್ದು ಚಳೀಗೆ ನೀಲಿಯಾದಾಗ್ಲೇಯ.”

ಎರ್ನಾ ನನಗಿಂತ ದೊಡ್ಡವಳು. ಅವಳ ಎಡಗೈಯ ಎರಡು ಬೆರಳು ಇಲ್ಲ. ಒಂದು ಜನವರಿಯಲ್ಲಿ ಕವಲಿನ ಹಿಮ ಕೆರೆಯುವಾಗ ಮರಗಟ್ಟಿದ್ದವು, ಆಸ್ಪತ್ರೆಯವರು ಕತ್ತರಿಸಿದರು. ನಾವಿಬ್ಬರೂ ಆಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಈ ಕವಲಿನಲ್ಲೇ ಕಳೆದವರು. ಚೌಕದಿಂದ ಇಳಿದು ಬರುವ ಹಳಿ ಇಲ್ಲಿ ಎರಡಾಗುತ್ತದೆ. ಬಲಕ್ಕೆ ಕೆರೆ ದಂಡೆಯ ಹೋಟೆಲು, ಎಡಕ್ಕೆ ತಾಮ್ರದ ಕಾರ್ಖಾನೆ, ಎರಡೂ ಕಡೆ ಇಳಿಜಾರೇ. ಗಾಡಿಯನ್ನು ಈ ಕಡೆ ಇಲ್ಲವೇ ಆ ಕಡೆ ಹೊರಳಿಸುವ ತುಂಡುಹಳಿಗೆ ನಾಲಗೆ ಎನ್ನುತ್ತೇವೆ. ಅದನ್ನು ತಿರುಗಿಸುವ ಯಂತ್ರ ಯಾವ ಕಾಲದಲ್ಲೋ ಕೆಟ್ಟಿತ್ತು. ರಿಪೇರಿಗಿಂತ ಹೆಂಗಸು ಅಗ್ಗ, ಹಾಗಾಗಿ ಹೆಂಗಸರನ್ನು ನಿಲ್ಲಿಸಿದರು. ಟ್ರಾಮು ಬಂದು ಕವಲಿನ ಮುಂದೆ ನಿಲ್ಲಬೇಕು. ನಾವು ಹಾರೆಯ ಮೊನೆಯನ್ನು ಸಂದಿಗೆ ಕೊಟ್ಟು ಮೈಭಾರ ಹಾಕಿದರೆ ನಾಲಗೆ ಪಟ್ಟನೆ ಆಚೆ ಮಗ್ಗುಲಿಗೆ ಬಡಿಯುತ್ತಿತ್ತು. ಆಮೇಲೆ ಹಾರೆಯನ್ನು ನೆಟ್ಟಗೆ ಹೆಗಲಿಗೆ ಆನಿಸಿ ನಿಲ್ಲಬೇಕು. ಅದನ್ನು ನೋಡದೆ ಯಾವ ಡ್ರೈವರೂ ಗಾಡಿ ಬಿಡುತ್ತಿರಲಿಲ್ಲ, ಒಳಗೆ ಮಂತ್ರಿಯೇ ಕೂತಿದ್ದರೂ. ನೋಡಿದ ಮೇಲೆ ಕಾಲಿನಲ್ಲಿ ಗಂಟೆ ಒತ್ತುತ್ತಿದ್ದ, ಒಂದೇ ಸಲ. ಆ ಗಂಟೆಗೆ ‘ಕಂಡೆ’ ಎಂದು ಅರ್ಥ. ನನಗೆ ಗಂಡ ಹೇಳಿದ್ದಕ್ಕಿಂತ ಹೆಚ್ಚು ಸಲ ಆ ಗಂಟೆ ಹಾಗೆ ಹೇಳಿದೆ.

ನಮ್ಮನ್ನು ಬಚ್ಚಿಡುವುದಕ್ಕೆ ಕಟ್ಟಿದ್ದ ಬ್ಯಾನರಿನ ಮೇಲೆ ಟ್ರಾಮಿನ ಚರಿತ್ರೆ ಬರೆದಿದ್ದರು. ಎರಡು ಕಂಬದ ನಡುವೆ, ಎಡಗಡೆಯ ಹಳಿಗೆ ಅಡ್ಡವಾಗಿ, ಹಿಂದಿನ ಬೂದಿಕೊಳ, ಅಂದರೆ ಕಾರ್ಖಾನೆ ಬೂದಿ ಸುರಿದ ಕೆಸರುಹೊಂಡ, ಯಾರಿಗೂ ಕಾಣದ ಹಾಗೆ ಬಿಗಿದು ಕಟ್ಟಿದ್ದರು. ‘ಯುವಜನರ ಉತ್ಸಾಹ ಕಟ್ಟಿದ ದಾರಿ’ ಎಂದು ದೊಡ್ಡ ಅಕ್ಷರ. ಕೆಳಗೆ ಚಿತ್ರ: ಚೌಕ, ಟ್ರಾಮು, ಕೆರೆ, ಹೋಟೆಲು. ಎಡಗವಲು ಆ ಚಿತ್ರದಲ್ಲಿ ಇರಲೇ ಇಲ್ಲ. ನಿಜವಾಗಿ ಮೊದಲು ಹಾಕಿದ್ದೇ ಅದು, ಕಾರ್ಖಾನೆಗೆ ಆಳು ಸಾಗಿಸುವುದಕ್ಕೆ. ಬಲಗಡೆಯದನ್ನು ದೊಡ್ಡವರ ಮಕ್ಕಳು ಈಜಲು ಹೋಗಲಿ ಎಂದು ಆಮೇಲೆ ಸೇರಿಸಿದ್ದು.

“ಉತ್ಸಾಹವಂತೆ,” ಎರ್ನಾ ಗೊಣಗಿದಳು. ಅವಳ ಅಪ್ಪ ಯುದ್ಧದ ಕಾಲದಲ್ಲಿ ವೋಲ್ಗಾ ದಂಡೆಯಿಂದ ಗಡೀಪಾರಾಗಿ ದನದ ರೈಲಿನಲ್ಲಿ ಬಂದ ಜರ್ಮನ್ನ. ಈ ಹಳಿ ಹೊತ್ತವನು. “ನಮ್ಮಪ್ಪನ ಬೆನ್ನಿಂದೆ ಕೋವಿ ಇಡ್ಕಂಡು ಒಬ್ಬ ನಿಂತಿರ್ತಿದ್ನಂತೆ. ಅವನ್ ಎಸ್ರೇ ಉತ್ಸಾಹ ಅಂತಿರ್ಬೇಕು.”

ಮಿಸ್ತಾವ್ ಎಂದರೆ ನಮ್ಮ ಮಾತಿನಲ್ಲಿ ತಾಮ್ರದ ಗುಡ್ಡ. ಗುಡ್ಡದ ತಾಮ್ರ ಮುಗಿದಾಗ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದ ಮೇಲೆ ಟ್ರಾಮು ನಷ್ಟದಲ್ಲಿದೆ ಎಂದರು. ನಷ್ಟದಲ್ಲಿದೆ ಎಂದ ವಾರಕ್ಕೇ ಹಳಿಯ ಮೇಲಿನ ತಂತಿ ಮಾಯವಾಯಿತು, ಅದೂ ತಾಮ್ರವೇ. ಕಳ್ಳರು ಕದ್ದರು ಎಂದು ಉಪಮೇಯರ್ ಕೈರ್‌ಗೆಲ್ದಿ ಟಿವಿಯಲ್ಲಿ ಕಣ್ಣೀರು ಹಾಕಿದ. ಕಳ್ಳರು ಕ್ರೇನು ತಂದು, ಪೊಲೀಸರ ಕಾವಲಿನಲ್ಲಿ, ಹಗಲು ಹೊತ್ತು ಕದ್ದರು. ಆ ಬೇಸಿಗೆಯಲ್ಲಿ ಕೆರೆ ದಂಡೆಯ ಹೋಟೆಲು ಅವನ ತಮ್ಮನ ಹೆಸರಿಗೆ ಬಂತು. ಎಡಗವಲಿನ ಹಳಿಯನ್ನೂ ಕೀಳುತ್ತಿದ್ದರು, ಆದರೆ ಬೂದಿಕೊಳದ ನಡುವಿನ ಕಿರಿದಾದ ಏರಿಯ ಮೇಲೆ ಹಳಿಗಷ್ಟೇ ಜಾಗ. ಲಾರಿ ಹೋಗುವುದಿಲ್ಲ. ಲಾರಿ ಹೋಗದಿದ್ದರಿಂದ ಹಳಿ ಉಳಿಯಿತು, ಹಳಿಯ ಆಚೆ ತುದಿಯಲ್ಲಿ ನಾವೂ ಉಳಿದೆವು.

ಅಲ್ಲಿ ಟ್ರಾಮಿನ ಕೆಲಸಗಾರರಿಗೆಂದು ಕಟ್ಟಿದ ಉದ್ದನೆಯ ಬ್ಯಾರಕ್ಕುಗಳಿವೆ. ಡಿಪೋದ ಬಾಯ್ಲರಿನಿಂದ ಬಿಸಿನೀರಿನ ಕೊಳವೆ ಬಂದು ಮನೆಗಳನ್ನು ಬೆಚ್ಚಗಿಡುತ್ತಿತ್ತು. ಡಿಪೋ ಮುಚ್ಚಿದಾಗ ಕೊಳವೆ ತಣ್ಣಗಾಯಿತು. ಹೋದ ಚಳಿಗಾಲದಲ್ಲಿ ಎರ್ನಾಳ ಅಕ್ಕ ಫ್ರೀಡಾ ಮನೆಯಲ್ಲಿದ್ದ ಕೋಟುಗಳನ್ನೆಲ್ಲ ಮೈಮೇಲೆ ಹೇರಿಕೊಂಡು ಮಲಗಿದವಳು ಏಳಲಿಲ್ಲ. ತಲೆದಿಂಬಿನ ಪಕ್ಕದ ಲೋಟದಲ್ಲಿ ಚಹಾ ಗಡ್ಡೆಯಾಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿದೆವು. ಅಲ್ಲಿಗೆ ದಾರಿ ಇಲ್ಲ ಎಂದರು. ಹಳಿ ರಿಪೇರಿಗೆ ಸಾಮಾನು ಸಾಗಿಸುವ ತಳ್ಳುಗಾಡಿ ಒಂದಿತ್ತು. ಅದರ ಮೇಲೆ ಅವಳನ್ನು ಮಲಗಿಸಿ, ಆ ಏರಿಯ ಮೇಲೆ ತಳ್ಳಿಕೊಂಡು ಊರಿಗೆ ತಂದೆವು. ಗಾಡಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಹಳಿ ಅಷ್ಟು ಚೆನ್ನಾಗಿತ್ತು, ಅದರ ಬಿರುಕುಗಳನ್ನು ಬೆಸೆಯುತ್ತ ಬಂದವರು ನಾವು. ಅವತ್ತಿನಷ್ಟು ನಾನು ಯಾವತ್ತೂ ಅತ್ತಿಲ್ಲ, ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟುತ್ತಿತ್ತು.

ಹೂತು ಬಂದ ಮೇಲೆ ಇಬ್ಬರೂ ಕೈರ್‌ಗೆಲ್ದಿಯ ಕಚೇರಿಗೆ ಹೋದೆವು. ಬಾಗಿಲಲ್ಲೇ ಅವನ ಸಹಾಯಕ ತಡೆದು ನೆಲದ ಮೇಲೆ ಪತ್ರಿಕೆ ಹಾಸಿದ. ಒಳಗೆ ಹೊಸ ಜಮಖಾನೆ, ಪತ್ರಿಕೆಯ ಮೇಲೆ ನಿಂತೇ ಮಾತಾಡಬೇಕಂತೆ.

“ಏನು ಕೆಸರು ಇದು? ಎಲ್ಲಿಂದ ತಂದ್ರಿ?” ಕೈರ್‌ಗೆಲ್ದಿ ಮೂಗು ಮುಚ್ಚಿಕೊಂಡ.

“ನಮ್ಮನೆಯಿಂದ ಸ್ವಾಮಿ,” ಎಂದೆ.

“ಸ್ವಾಮಿ ಅಲ್ಲ, ಕೈರೆಕೆ ಅನ್ನು. ದೊಡ್ಡವರನ್ನ ಹೇಗೆ ಕರೀಬೇಕು ಅಂತ ಮರ್ಯಾದೆ ಕಲಿಸಿಲ್ವಾ ನಿಮ್ಮಪ್ಪ ಅಮ್ಮ?”

ನಮ್ಮಲ್ಲಿ ಹಿರಿಯರ ಹೆಸರನ್ನು ಮೊಟಕು ಮಾಡಿ ‘ಕೆ’ ಹಚ್ಚಿ ಕರೆಯುವುದು ಪ್ರೀತಿಗೆ, ಗೌರವಕ್ಕೆ. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಆದರೂ ಕರೆದೆ. ಮನೆಗೆ ಬಿಸಿ ಬೇಕಿತ್ತಲ್ಲ.

“ಕೈರೆಕೆ, ಊರಿನ ಕೊಳವೇಲಿಂದ ನಮ್ಗೊಂದು ಕವಲು ಕೊಟ್ರೆ ಸಾಕು. ಒಂದು ಜೀವ ಓಗ್ಬುಟ್ಟದೆ. ಬರೋ ಚಳಿಗೆ ಇನ್ನೆಷ್ಟು ಓಯ್ತವೋ.”

“ಕೊಡೋಣ. ಯಾರು ಬೇಡ ಅಂದ್ರು? ಆದ್ರೆ ಅಲ್ಲಿ ಜನ ಇದ್ದಾರೆ ಅಂತ ಸಮಿತಿ ಕಣ್ಣಾರೆ ನೋಡ್ಬೇಕು. ನಾನು, ಅಗ್ನಿಶಾಮಕದ ಮೇಜರು, ಆರೋಗ್ಯ ಇಲಾಖೆಯ ಡಾಕ್ಟರಮ್ಮ. ಮೂರು ಜನಾನೂ ನೋಡ್ಬೇಕು. ಕಾನೂನು.”

“ಬನ್ನಿ, ಈಗ್ಲೇ ಓಗುವ.”

“ಹೇಗೆ ಬರೋದು? ಅಲ್ಲಿಗೆ ದಾರಿ ಇಲ್ವಲ್ಲ.” ಅವನು ಕೈ ಚೆಲ್ಲಿದ. ನಿಜವಾಗಲೂ ಬೇಸರವಾದವನಂತೆ ಕಾಣಿಸಿತು.

“ನಾವ್ ದಿನಾ ಬತ್ತೀವಲ್ಲ?” ಎರ್ನಾ ಕೇಳಿದಳು.

“ನೀವು ಬರ್ತೀರಮ್ಮ. ನಾಯಿನೂ ಬರುತ್ತೆ, ನರಿನೂ ಬರುತ್ತೆ. ಸಮಿತಿ ಬರೋದು ಅಂದ್ರೆ ಕಾರು ಬರಬೇಕು.”

ಎರ್ನಾ ಕಾಲ ಕೆಳಗಿನ ಪತ್ರಿಕೆಯನ್ನು ನೋಡಿದಳು. ಅದರಲ್ಲಿ ಯಾವುದೋ ಶಾಲೆಯ ರಿಬ್ಬನ್ನು ಕತ್ತರಿಸುತ್ತಿದ್ದ ಕೈರ್‌ಗೆಲ್ದಿಯ ಫೋಟೋ ಇತ್ತು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅವನ ಮುಖದ ಮೇಲೆ ಸರಿಯಾಗಿ ಹಿಮ್ಮಡಿ ಊರಿ ನಿಂತಳು. ಹೊರಗೆ ಬಂದ ಮೇಲೆ, “ಬೋಳಿಮಗ, ಮೆತ್ತಗವ್ನೆ,” ಎಂದಳು. ಆಮೇಲೂ ಹಲವು ಸಲ ಹೋದೆವು. ವಸಂತ ಬಂತು, ಬೇಸಿಗೆ ಬಂತು, ದಾರಿ ಮಾತ್ರ ಬರಲಿಲ್ಲ. ಈಗ ಅಕ್ಟೋಬರು. ಬೆಳಿಗ್ಗೆ ಹಳಿ ಕೆರೆಯುವಾಗ ಕಬ್ಬಿಣಕ್ಕೆ ಬೆರಳು ಅಂಟಿಕೊಳ್ಳಲು ಶುರುವಾಗಿತ್ತು. ಎರ್ನಾಳ ಎದೆಯಲ್ಲಿ ಆಗಲೇ ಕೆಮ್ಮು ಗೂಡು ಕಟ್ಟಿತ್ತು. ಈ ಚಳಿಗಾಲ ದಾಟುವವಳಂತೆ ಅವಳು ನನಗೆ ಕಾಣುತ್ತಿರಲಿಲ್ಲ.

ಚೌಕದ ಕಡೆಯಿಂದ ಬ್ಯಾಂಡು ಕೇಳಿಸಿತು. ಮುಲ್ಲಾ ಬಂದು ಕೈಯೆತ್ತಿ ಆಶೀರ್ವಾದ ಮಾಡಿದ, ಮೈಕಿನಲ್ಲಿ ಎಲ್ಲವೂ ನಮ್ಮವರೆಗೆ ಕೇಳುತ್ತಿತ್ತು. ಉಪಮೇಯರಿಗೆ ಆರೋಗ್ಯ, ಟ್ರಾಕ್ಟರು ಕೊಟ್ಟ ವ್ಯಾಪಾರಿಗೆ ಐಶ್ವರ್ಯ, ಊಟಕ್ಕೆ ಕುದುರೆ ಕೊಟ್ಟವನಿಗೆ ಸ್ವರ್ಗ ಕೇಳಿದ. ಹಳಿ ಹಾಕಿದವರಿಗೆ ಏನನ್ನೂ ಕೇಳಲಿಲ್ಲ, ಬಹುಶಃ ಆ ಕಡೆ ಅವನಿಗೂ ದಾರಿ ಇರಲಿಲ್ಲ. ಮೈಕಿನಲ್ಲಿ ಮುಲ್ಲಾ ಮುಖ ಸವರಿಕೊಂಡ ಸದ್ದೂ ಬಂತು.

ತಂತಿ ಇಲ್ಲದ ಟ್ರಾಮು ಓಡುವುದು ಹೇಗೆ ಎಂದು ಕೇಳಬೇಡಿ. ಅದಕ್ಕೂ ಉಪಾಯ ಹುಡುಕಿದ್ದರು. ಚೌಕ ಎತ್ತರದಲ್ಲಿದೆ. ಮ್ಯೂಸಿಯಂ ಮಾಡುತ್ತೇವೆಂದು ಉಳಿಸಿಕೊಂಡಿದ್ದ ಹಳೆಯ ಗಾಡಿಗೆ ಕೆಂಪು ಬಣ್ಣ ಬಳಿದು, ಅದು ತನ್ನ ಭಾರಕ್ಕೆ ತಾನೇ ಕೆರೆಯವರೆಗೆ ಇಳಿಯುವಂತೆ ಬಿಡುವುದು. ಡ್ರೈವರು ಕೈಬ್ರೇಕಿನ ಚಕ್ರ ಹಿಡಿದು ತಡೆಯುತ್ತ ಬರುವುದು. ಹೋಟೆಲಿನಲ್ಲಿ ಇಳಿದು ಕುದುರೆ ಮಾಂಸ ತಿನ್ನುವುದು. ವಾಪಸು ಎಳೆಯಲು ಅಲ್ಲಿ ಟ್ರಾಕ್ಟರು ಕಾಯುತ್ತಿತ್ತು. ಡ್ರೈವರಾಗಿ ಸೈಲಾವ್ ಅಣ್ಣನನ್ನು ಕರೆಸಿದ್ದರು. ಅವನೂ ನಮ್ಮ ಬ್ಯಾರಕ್ಕಿನವನೇ, ಟ್ರಾಮು ನಿಂತ ಮೇಲೆ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮೂಟೆ ಹೊರುತ್ತಿದ್ದ. ಇವತ್ತು ಅವನಿಗೆ ನಾಟಕದ ಕಂಪನಿಯಿಂದ ತಂದ ಟೋಪಿ, ಚಿನ್ನದ ಗುಂಡಿಯ ಕೋಟು. ಹೊಟ್ಟೆಯ ಮೇಲೆ ಗುಂಡಿ ಹಾಕಲು ಬಾರದೆ ಪಿನ್ನು ಚುಚ್ಚಿದ್ದರು.

ಟ್ರಾಮು ಇಳಿದು ಬಂತು. ಕಿಟಕಿಗಳ ತುಂಬ ಕೋಟು, ಟೈ, ತುಪ್ಪಳದ ಕಾಲರು. ಮುಂದಿನ ಸೀಟಿನಲ್ಲಿ ಕೈರ್‌ಗೆಲ್ದಿ, ಪಕ್ಕದಲ್ಲಿ ಮೇಜರು, ಹಿಂದೆ ಡಾಕ್ಟರಮ್ಮ. ಸಮಿತಿಯ ಮೂರು ಜನವೂ. ಆಗ ತಲೆಯಲ್ಲಿ ಇನ್ನೇನೂ ಇರಲಿಲ್ಲ, ಇಷ್ಟು ಹತ್ತಿರ ಮೂವರನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು, ಅಷ್ಟೆ.

ಕವಲಿನ ಮುಂದೆ ಸೈಲಾವ್ ಅಣ್ಣ ಗಾಡಿ ನಿಲ್ಲಿಸಿದ. ಕ್ಯಾಮೆರಾ ತಿರುಗಿತು. ನಾಲಗೆ ಮೊದಲೇ ಬಲಗಡೆಗೆ ಇತ್ತು; ತುಟಿಗೆ ಬಣ್ಣ ಹಚ್ಚಿದ ಹುಡುಗಿ ಸುಮ್ಮನೆ ತಿರುಗಿಸಿದ ಹಾಗೆ ನಟಿಸಿದರೆ ಸಾಕಿತ್ತು. ಪಾಪ, ಅವಳು ಮನಸ್ಸಿಟ್ಟು ನಟಿಸಿದಳು. ಹಲಗೆಯ ಹಾರೆಯನ್ನು ಸಂದಿಗೆ ಕೊಟ್ಟು ಮೈಭಾರ ಹಾಕಿದಳು. ಹಾರೆ ಲಟಕ್ಕೆಂದು ಮುರಿದು, ತುಂಡು ನಾಲಗೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಬ್ಯಾಂಡಿನವರು ನಿಲ್ಲಿಸುವುದೋ ಬಾರಿಸುವುದೋ ತಿಳಿಯದೆ ಒಬ್ಬೊಬ್ಬರಾಗಿ ನಿಲ್ಲಿಸಿದರು.

“ತುಂಡು ಇರೋವರೆಗೂ ಗಾಡಿ ಬಿಡಲ್ಲ,” ಸೈಲಾವ್ ಅಣ್ಣ ಕಿಟಕಿಯಿಂದ ಹೇಳಿದ. “ಹಳಿ ತಪ್ತದೆ.”

ಅಕ್‌ಮರಾಲ್ ಓಡಿ ಬಂದಳು. “ಅಕ್ಕಾ, ಅಕ್ಕಾ, ಬೇಗ ಬನ್ನಿ, ಅದನ್ನ ತೆಗೀರಿ. ಕ್ಯಾಮೆರಾ ಆಫ್ ಮಾಡ್ಸಿದೀನಿ.”

ಬೆಳಿಗ್ಗೆ ಮೂತಿಯಾಗಿದ್ದವಳು ಈಗ ಅಕ್ಕನಾದೆ. ನನ್ನ ಹಾರೆ ಎತ್ತಿಕೊಂಡು ಬ್ಯಾನರಿನ ಹಿಂದಿನಿಂದ ಬಂದೆ. ಮಂಡಿಯೂರಿ ಕೂತು ಹಲಗೆಯ ಚಕ್ಕೆಗಳನ್ನು ಒಂದೊಂದಾಗಿ ಕಿತ್ತೆ. ಮಂಡಿ ನೋಯುತ್ತಿತ್ತು, ನಿಧಾನವಾಯಿತು. ತಲೆಯ ಮೇಲೆ ಕಿಟಕಿ ಸರಿದ ಸದ್ದಾಯಿತು.

“ಏ ಮುದುಕಿ, ಅಲ್ಲೇ ಗೋರಿ ತೋಡ್ಕೊಳ್ತಿದ್ದೀಯಾ?” ಕೈರ್‌ಗೆಲ್ದಿ ಅಂದ. ಒಳಗೆ ನಗೆ ಎದ್ದಿತು, ಡಾಕ್ಟರಮ್ಮನೂ ನಕ್ಕಳು. “ಊಟ ಆರುತ್ತೆ. ಏಳು, ದಾರಿ ಬಿಡು.”

ಗೋರಿ ಎಂದಾಗ ನನಗೆ ಫ್ರೀಡಾಳ ನೆನಪಾಯಿತು. ನೆಲ ಕಲ್ಲಾಗಿತ್ತು ಅವತ್ತು. ಇದೇ ಹಾರೆಯಲ್ಲಿ ಅಗೆದಿದ್ದೆವು.

“ದಾರಿ ತಾನೆ ಕೈರೆಕೆ?” ಎದ್ದು ನಿಂತು ಕೇಳಿದೆ. “ಬಿಡ್ತೀನಿ.”

ಹಾರೆಯ ಮೊನೆಯನ್ನು ಸಂದಿಗೆ ಕೊಟ್ಟೆ. ಮೈಭಾರ ಹಾಕಿದೆ. ನಾಲಗೆ ತುಕ್ಕು ಹಿಡಿದಿತ್ತು, ಮೊದಲ ಸಲ ಅಲುಗಲಿಲ್ಲ. ಎರಡನೆಯ ಸಲ ಎರ್ನಾ ಬಂದು ಮೂರು ಬೆರಳಿನ ಕೈಯನ್ನು ನನ್ನ ಕೈಯ ಪಕ್ಕದಲ್ಲಿಟ್ಟಳು. ನಾಲಗೆ ಪಟ್ಟನೆ ಎಡಕ್ಕೆ ಬಡಿಯಿತು. ಹಳಿಯ ವಿಷಯ ಗೊತ್ತಿಲ್ಲದವರಿಗೆ ಆ ಸದ್ದು ಎಡಕ್ಕಾದರೂ ಒಂದೇ, ಬಲಕ್ಕಾದರೂ ಒಂದೇ. ಅಕ್‌ಮರಾಲ್ ಚಪ್ಪಾಳೆ ತಟ್ಟಿದಳು.

ನಾನು ಹಾರೆಯನ್ನು ನೆಟ್ಟಗೆ ಹೆಗಲಿಗೆ ಆನಿಸಿ ನಿಂತೆ.

ಸೈಲಾವ್ ಅಣ್ಣ ಕೆಳಗೆ ನೋಡಿದ. ನಾಲಗೆ ಎತ್ತ ಇದೆ ಎಂದು ಅವನಿಗೆ ಕಾಣಿಸಿತು. ಮುಂದಿನ ಬ್ಯಾನರು ಕಾಣಿಸಿತು. ಆಮೇಲೆ ನನ್ನನ್ನು ನೋಡಿದ. ಅವನು ಬೇಡವೆಂದು ತಲೆಯಾಡಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನಿಗೆ ಇವತ್ತಿನ ಕೂಲಿ ಸಿಗುತ್ತಿತ್ತು, ಕುದುರೆ ಮಾಂಸವೂ ಸಿಗುತ್ತಿತ್ತು. ಅವನು ನಾಟಕದ ಟೋಪಿಯನ್ನು ತೆಗೆದು ಪಕ್ಕದಲ್ಲಿಟ್ಟ.

ಗಂಟೆ ಬಾರಿಸಿದ. ಒಂದೇ ಸಲ.

ಗಾಡಿ ಎಡಕ್ಕೆ ಹೊರಳಿ ನೇರವಾಗಿ ಬ್ಯಾನರಿಗೆ ಮೂತಿ ಹಾಕಿತು. ಕಂಬಗಳು ವಾಲಿದವು, ಬಟ್ಟೆ ಪರ್ರೆಂದು ಹರಿಯಿತು. ಯುವಜನರ ಉತ್ಸಾಹ ಟ್ರಾಮಿನ ಮುಖಕ್ಕೆ ಸುತ್ತಿಕೊಂಡು ಸ್ವಲ್ಪ ದೂರ ಹೋಗಿ ಏರಿಯ ಮೇಲೆ ಬಿತ್ತು. ಒಳಗಿದ್ದವರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ಹೊಡೆಯುತ್ತಿದ್ದರು. ಎರಡೂ ಪಕ್ಕ ಬೂದಿಕೊಳ ಕಾಣಿಸಿದ ಮೇಲೆ ಚಪ್ಪಾಳೆ ನಿಂತಿತು. ನಾವು ಹಿಂದೆಯೇ ನಡೆದೆವು. ಎರ್ನಾ ದಾರಿಯಲ್ಲಿ ಬಿದ್ದಿದ್ದ ಬ್ಯಾನರನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡಳು. ಅಕ್‌ಮರಾಲ್ ಸ್ವಲ್ಪ ದೂರ ಅಳುತ್ತ ನಮ್ಮ ಜೊತೆ ಬಂದಳು, ಹಿಮ್ಮಡಿ ಎತ್ತರದ ಚಪ್ಪಲಿ ಜಲ್ಲಿಯಲ್ಲಿ ಹೂತು ಹಿಂತಿರುಗಿದಳು.

ನಾವು ತಲುಪುವ ಹೊತ್ತಿಗೆ ಹಿಮ ಉದುರಲು ಶುರುವಾಗಿತ್ತು, ಈ ವರ್ಷದ ಮೊದಲನೆಯದು. ಹಳಿ ಮುಗಿಯುವಲ್ಲಿ ಟ್ರಾಮು ನಿಂತಿತ್ತು. ಬ್ಯಾರಕ್ಕಿನ ಜನ ಹೊರಗೆ ಬಂದಿದ್ದರು. ಕಿಟಕಿಯ ಗಾಜು ತೆಗೆದು ತಗಡಿನ ಹೊಗೆಕೊಳವೆ ತೂರಿಸಿದ ಗೋಡೆಗಳು, ಹೊಗೆಗೆ ಕಪ್ಪಾದ ಇಟ್ಟಿಗೆ, ಮುಸುಕು ಹೊದ್ದ ಮುದುಕಿಯರು. ಟ್ರಾಮಿನೊಳಗಿಂದ ತುಪ್ಪಳದ ಕಾಲರುಗಳು ಅದನ್ನೆಲ್ಲ ನೋಡುತ್ತಿದ್ದವು.

ಕೈರ್‌ಗೆಲ್ದಿ ಮೆಟ್ಟಿಲ ಮೇಲೆ ನಿಂತು ಸೈಲಾವ್ ಅಣ್ಣನ ಮೇಲೆ ಕೂಗಾಡುತ್ತಿದ್ದ. “ಹಿಂದಕ್ಕೆ ತಗೊಳ್ಳೋ, ನಾಯಿ. ಜೈಲಿಗೆ ಹಾಕಿಸ್ತೀನಿ.”

“ಏರು ಅಯ್ತೆ ಸಾಮಿ. ಕರೆಂಟ್ ಬೇಕು,” ಸೈಲಾವ್ ಅಣ್ಣ ಕೋಟಿನ ಪಿನ್ನು ಬಿಚ್ಚುತ್ತ ಹೇಳಿದ. “ತಂತಿ ಕಳ್ರು ಕದ್ದವ್ರಲ್ಲ.”

“ಟ್ರಾಕ್ಟರು ಕರೆಸು.”

“ಏರಿ ಮ್ಯಾಲೆ ಟ್ರಾಕ್ಟರು ಇಡ್ಸಲ್ಲ.”

ಕೈರ್‌ಗೆಲ್ದಿ ಕೆಳಗಿಳಿದ. ಹೊಳೆಯುವ ಬೂಟು ಬೂದಿಯ ಕೆಸರಿನಲ್ಲಿ ಗುಳುಕ್ಕೆಂದಿತು. ಇನ್ನೊಂದು ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಒಂಟಿಕಾಲಿನಲ್ಲಿ ನಿಂತು ಫೋನು ತೆಗೆದ. ಪಕ್ಕದಲ್ಲೇ ಎರ್ನಾ ಬ್ಯಾನರಿನ ಒಂದು ತುಂಡನ್ನು ಹರಿದು ಕೆಸರಿನ ಮೇಲೆ ಹಾಸಿದಳು.

“ಇದ್ರ ಮ್ಯಾಲೆ ನಿಂತ್ಕಳಪ್ಪ,” ಎಂದಳು. “ನೆಲ ಕೊಳೆಯಾದಾತು.”

ಅವನು ನಿಂತ. ತನ್ನ ಕಾರಿನ ಡ್ರೈವರಿಗೆ ಫೋನು ಹಚ್ಚಿದ. ಗಾಳಿಗೆ ಕೇಳಿಸದೆ ಸದ್ದು ಜಾಸ್ತಿ ಮಾಡಿದ್ದರಿಂದ ಆಚೆಯವನ ಮಾತು ನಮಗೆಲ್ಲರಿಗೂ ಕೇಳಿಸಿತು.

“ಎಲ್ಲಿದೀರಿ ಕೈರೆಕೆ?”

“ಬ್ಯಾರಕ್ಕಿನ ಹತ್ರ. ಬೂದಿಕೊಳದ ಆಚೆ. ಕಾರು ತಗೊಂಡ್ ಬಾ, ಬೇಗ.”

ಆಚೆ ಕಾರಿನ ಎಂಜಿನ್ನು ಶುರುವಾಗಿ ನಿಂತ ಸದ್ದು ಬಂತು.

“ಕೈರೆಕೆ,” ಎಂದ. “ಅಲ್ಲಿಗೆ ದಾರಿ ಇಲ್ಲ.”

ಯಾರೂ ನಗಲಿಲ್ಲ. ಹಿಮ ಜೋರಾಯಿತು. ಡಾಕ್ಟರಮ್ಮ ಟ್ರಾಮಿನ ಕಿಟಕಿಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದಳು, ಮೇಜರು ಒಳಗೆ ಕೂತೇ ಎದುರಿನ ಗೋಡೆಯ ಹೊಗೆಕೊಳವೆಗಳನ್ನು ನೋಡುತ್ತಿದ್ದ. ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಸೈಲಾವ್ ಅಣ್ಣ ಚಿನ್ನದ ಗುಂಡಿಯ ಕೋಟನ್ನು ಮಡಿಚಿ ಸೀಟಿನ ಮೇಲಿಟ್ಟು, ಬರೀ ಅಂಗಿಯಲ್ಲಿ ಮನೆ ಕಡೆ ನಡೆದ. ನಾನು ಹಾರೆಯನ್ನು ಎರ್ನಾಳ ಬಾಗಿಲ ಪಕ್ಕ ಒರಗಿಸಿ ಒಳಗೆ ಬಂದೆ. ಅವಳು ಉಳಿದ ಬ್ಯಾನರನ್ನು ಒಡೆದ ಕಿಟಕಿಗೆ ತುರುಕುತ್ತಿದ್ದಳು.

ಕೈರ್‌ಗೆಲ್ದಿ ಬಾಗಿಲವರೆಗೆ ಬಂದ. ಕಿವಿ ಕೆಂಪಾಗಿತ್ತು, ತುಟಿ ನಿಧಾನಕ್ಕೆ ಬಣ್ಣ ತಿರುಗುತ್ತಿತ್ತು. “ಅಕ್ಕಾ,” ಎಂದ, “ಒಂದಿಷ್ಟು ಹೊತ್ತು ಒಳಗೆ...”

“ಬಾ, ಕಣ್ಣಾರೆ ನೋಡು,” ಎರ್ನಾ ಬಾಗಿಲನ್ನು ಅಗಲವಾಗಿ ತೆರೆದಳು. ಫ್ರೀಡಾ ಮಲಗುತ್ತಿದ್ದ ಮಂಚ, ಅದರ ಮೇಲಿನ ಕೋಟುಗಳ ರಾಶಿ, ನೀರಿಲ್ಲದ ಕೊಳವೆ ಎಲ್ಲವೂ ಹೊಸ್ತಿಲಿನಿಂದಲೇ ಕಾಣುತ್ತಿದ್ದವು. ಅವನು ನೋಡಿದ. ಒಳಗೆ ಬರಲೆಂದು ಕೆಸರಿನ ಬೂಟು ಎತ್ತಿದ.

“ನೋಡ್ದಾ?” ಎರ್ನಾ ಕೇಳಿದಳು.

“ನೋಡ್ದೆ.”

“ಬಾಗ್ಲಾಕೆ ಶಾಮ್ಶಿಯಾ,” ಅವಳು ಒಲೆಯ ಕಡೆ ತಿರುಗಿದಳು. “ಇರೋ ಚೂರು ಬಿಸೀನೂ ಓಯ್ತದೆ.”

ಅವನ ಬೂಟು ಹೊಸ್ತಿಲು ಮುಟ್ಟುವ ಮೊದಲೇ ನಾನು ಬಾಗಿಲು ಹಾಕಿದೆ.